ರಾಡಿ ನೀರಿನಲ್ಲಿ ಅಣ್ಣನ ಕೈ

ನನ್ನ ಓದು ಐದನೆಯ ಇಯತ್ತೆಗೆ ನಿಂತಿತು. ಆದರೆ ಸದಲಗಾದಿಂದ ಕೊಗನೊಳ್ಳಿಯವರೆಗೆ ಯಾರ ಪಂಪಿನ ಫುಟ್‌ವಾಲ್ವ್ ಎಂಬ ಪೈಪಿನ ತಳದ ಬಾಯಿ ನದಿಯ ಕೆಸರಿನಲ್ಲಿ ಹೂತರೂ ಕರೆ ನನಗೇ ಬರುತ್ತಿತ್ತು. ಒಂದೇ ಉಸಿರಿನಲ್ಲಿ ಮೂರಾಳು ನೀರಿನ ತಳಕ್ಕಿಳಿದು, ವಾಲ್ವಿಗೆ ಸುತ್ತಿಕೊಂಡ ಜೊಂಡು, ಅರಿವೆ ಚೂರು ಎಲ್ಲ ಕಿತ್ತುಕೊಂಡು ಮೇಲೆ ಬರುತ್ತಿದ್ದೆ. ಈ ಮಾತನ್ನು ಇವತ್ತಿಗೂ ಎದೆ ಸೆಟೆಸಿಯೇ ಹೇಳುತ್ತೇನೆ.

ನನ್ನ ಸೊಂಟಕ್ಕೆ ಹಗ್ಗ, ಅದರ ತುದಿ ದಂಡೆಯಲ್ಲಿ ಕುಳಿತ ಅಣ್ಣನ ಕೈಯಲ್ಲಿ. ಕೆಲಸ ಕಲಿಸಿದವನೇ ಅವನು. ದಮ್ಮು ಹತ್ತಿದ ಮೇಲೆ ತಾನು ಇಳಿಯುವುದನ್ನು ಬಿಟ್ಟಿದ್ದ. ಗಡಿಯಾರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ನಾನು ಮುಳುಗಿದ ಕ್ಷಣಕ್ಕೆ ಅವನೂ ಬಾಯಿ ಮುಚ್ಚಿ ಉಸಿರು ಹಿಡಿಯುತ್ತಿದ್ದ, ತಡೆಯದಾದಾಗ ಹಗ್ಗ ಜಗ್ಗುತ್ತಿದ್ದ. ಅವನ ಉಸಿರು ನನ್ನದಕ್ಕಿಂತ ಗಿಡ್ಡ. ಅದಕ್ಕೇ ನಾನು ಒಮ್ಮೆಯೂ ಸಾಯುವಷ್ಟು ಹೊತ್ತು ಕೆಳಗೆ ಉಳಿಯಲಿಲ್ಲ.

ತೊಂಬತ್ತರ ಆಚೀಚಿನ ಒಂದು ಬೇಸಿಗೆ. ನನ್ನ ಹೆಂಡತಿಯ ತಮ್ಮ ಮುಂಬೈಯ ಬಂದರಿನಲ್ಲಿ ಹಡಗುಗಳ ತಳ ತಿಕ್ಕುತ್ತಿದ್ದ. ರಜೆಗೆ ಬರುವಾಗ ನೀರೊಳಗೆ ಉಸಿರಾಡಲು ಗಾಳಿ ತುಂಬಿದ ಸಿಲಿಂಡರ್, ಬಾಯಿಗೆ ಕಚ್ಚಿಕೊಳ್ಳುವ ಅದರ ಪೈಪು ತಂದಿದ್ದ. ಸುಮ್ಮನೆ ಮೋಜಿಗೆಂದು ನಿಪ್ಪಾಣಿ ಕಡೆಯ ಒಂದು ಕೆರೆಗೆ ಹೋದೆವು. ಎಮ್ಮೆಗಳು ಬಿದ್ದು ಹೊರಳಾಡಿ ನೀರು ಅಂಬಲಿಯ ಹಾಗಾಗಿತ್ತು. ನೋಡಲು ಹತ್ತು ಮಂದಿ ಸೇರಿದರು.

"ದಾಜೀ, ಏಕದಮ್ ಸೋಪಾ ಐತ್ರಿ, ಭಾಳ ಸರಳ," ಎಂದ ಮೈದುನ ನನಗೆ. "ಒಂದ ನಿಯಮ. ಉಸರ ಹಿಡೀಬ್ಯಾಡ್ರಿ, ಆಡಸ್ಕೋಂತ ಇರ್ರಿ."

"ನೀರಾಗ ಉಸರ ಆಡಸಾಕ ಇವಾ ಏನ ಮೀನ ಅದಾನೇನೋ?" ಎಂದು ಅಣ್ಣ ಹಗ್ಗ ಕಟ್ಟಲು ಬಂದ. ದಂಡೆಯ ಮಂದಿ ನಕ್ಕರು.

"ಹಗ್ಗ ಬ್ಯಾಡ್ರಿ ಮಾಮಾ, ಪೈಪಿಗೆ ಸುತ್ತತೈತಿ."

ಅಣ್ಣ ಕೇಳಲಿಲ್ಲ, ಕಟ್ಟಿದ. ನಾನೇ ಬಿಚ್ಚಿ ಅತ್ತ ಎಸೆದೆ. ಸಿಲಿಂಡರ್ ಬೆನ್ನಿಗೇರಿಸಿ, ಪೈಪು ಕಚ್ಚಿ ಇಳಿದೆ.

ಕೆಳಗೆ ಏನೂ ಕಾಣಲಿಲ್ಲ. ನನ್ನ ಕೈಯೇ ನನಗೆ ಕಾಣದು. ಕೆಸರಿನ ಮೇಲೆ ಕುಳಿತೆ. ಎದೆ ಬಿರಿಯಲಿಲ್ಲ, ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು. ಹುಟ್ಟಿದಾಗಿನಿಂದ ನೀರಿನ ತಳದಲ್ಲಿ ನನಗೆ ಅವಸರವಿಲ್ಲದ್ದು ಅದೇ ಮೊದಲು. ಸಣ್ಣ ಮೀನುಗಳು ಬೆರಳು ಕೆದಕಿ ಹೋದವು. ಹಾಗೇ ಕುಳಿತೇಬಿಟ್ಟೆ. ದಂಡೆಯಲ್ಲಿ ಅಣ್ಣ ಇದ್ದಾನೆ ಎನ್ನುವುದೇ ಮರೆತುಹೋಗಿತ್ತು.

ಮೇಲೆ ನಡೆದದ್ದನ್ನು ಆಮೇಲೆ ಮೈದುನ ಹೇಳಿದ. ಅಣ್ಣ ರೂಢಿಯಂತೆ ಉಸಿರು ಹಿಡಿದನಂತೆ, ಬಿಟ್ಟನಂತೆ, ಮತ್ತೆ ಹಿಡಿದನಂತೆ. "ಗುಳ್ಳಿ ಬರಾಕತ್ತಾವ ನೋಡ್ರಿ ಮಾಮಾ, ಅವರು ಆರಾಮ ಅದಾರ," ಎಂದರೆ, "ಎಮ್ಮಿ ಹೂಸ ಬಿಟ್ರೂ ಗುಳ್ಳಿ ಬರತಾವಲೇ," ಎಂದನಂತೆ. ನಾಲ್ಕನೆಯ ಸಲಕ್ಕೆ ಉಟ್ಟ ಧೋತರದಲ್ಲೇ ನೀರಿಗೆ ಹಾರಿದ.

ನನಗೆ ಗೊತ್ತಾದದ್ದು ಇಷ್ಟೇ: ಆ ಕತ್ತಲೆ ನೀರಿನಲ್ಲಿ ಯಾವುದೋ ಒಂದು ಕೈ ಬಂದು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ಜೀವ ಹಾರಿಹೋಯಿತು. ಸಿಕ್ಕ ಕಡೆ ಒದ್ದು ಮೇಲೆದ್ದೆ. ಮಾರು ದೂರದಲ್ಲಿ ಅಣ್ಣ ಎದ್ದ. ಬಾಯಿಂದ ರಕ್ತ, ಮುಂದಿನ ಹಲ್ಲೊಂದು ಇಲ್ಲ, ಕೆಮ್ಮು ನಿಲ್ಲುತ್ತಿಲ್ಲ. ಮಂದಿ ಹೋ ಎಂದು ನಕ್ಕರು.

ಅವರು ನಕ್ಕದ್ದು ನನ್ನ ಹೆದರಿಕೆಗೆ ಎಂದೇ ನನಗನ್ನಿಸಿತು. ಅದಕ್ಕೆ ಅಷ್ಟೂ ಮಂದಿಯ ಮುಂದೆ ಚೀರಿದೆ: "ಯಾರ ಕರದಿದ್ರೋ ನಿನ್ನ? ಇನ್ನ ಮ್ಯಾಲೆ ದಂಡಿಗಿ ಬರಬ್ಯಾಡ, ಮನ್ಯಾಗ ಬಿದ್ದಿರು!"

ಅಣ್ಣ ಧೋತರ ಹಿಂಡಿಕೊಂಡ. ಹಗ್ಗವನ್ನು ಸುತ್ತಿ ನನ್ನ ಅಂಗಿಯ ಪಕ್ಕದಲ್ಲಿಟ್ಟು ಹೋದ.

ವಾರದಲ್ಲಿ ಮೈದುನ ಸಿಲಿಂಡರಿನೊಡನೆ ಮುಂಬೈಗೆ ಹೋದ. ನದಿಯ ಕೆಲಸ ಬಂತು. ಅಣ್ಣನ ಬಾಗಿಲಿಗೆ ಹೋಗಿ, "ಕೆಲಸ ಐತಿ, ನಡಿ," ಎಂದೆ.

"ಸಿಲಿಂಡರ್ ಕರಕೊಂಡ ಹೋಗು," ಎಂದ. ನಾನು ತಿರುಗುವಷ್ಟರಲ್ಲಿ ಮತ್ತೆ ಅವನೇ ಕೇಳಿದ: "ಹೆಗಲಿಗೆ ಕೈ ಹಾಕಿದಾಗ, ನನ್ನ ಕೈ ಅಂತ ಗೊತ್ತಾಗಲಿಲ್ಲೇನ ನಿನಗ?"

ಹೆದರಿದ್ದೆ ಎಂದಿದ್ದರೆ ಸಾಕಿತ್ತು. ಬೈದು, ನಕ್ಕು, ಎದ್ದು ಬರುವ ಮನುಷ್ಯ ಅವನು. ಆದರೆ ನೀರಿಗೆ ಹೆದರದವನು ಎಂದು ನಾಲ್ಕು ಹಳ್ಳಿಯಲ್ಲಿ ಹೆಸರಾದವನಲ್ಲವೇ ನಾನು!

"ನೀರ ರಾಡಿ ಇತ್ತು," ಎಂದೆ.

ಅವನು "ಹೌದಪಾ, ರಾಡಿ ಇತ್ತು," ಎಂದ.

ಆಮೇಲೆ ಅವನು ಅಥಣಿಯಲ್ಲಿ ಮಗಳ ಮನೆಗೆ ಹೋಗಿ ಉಳಿದ. ಎರಡು ವರ್ಷ ನಾನು ಹೋಗಲಿಲ್ಲ, ಅವನೂ ಹೇಳಿ ಕಳಿಸಲಿಲ್ಲ. ದಮ್ಮು ಹೆಚ್ಚಾಗಿ ತೀರಿಕೊಂಡ ಎಂದು ಸುದ್ದಿ ಬಂದು ನಾನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಪಕ್ಕದ ಮನೆಯವರು ಕೊಟ್ಟ ಚಹಾ ಹಿಡಿದು ಅಣ್ಣನ ಮಗಳು ಎದುರಿಗೆ ನಿಂತಳು.

"ಅವತ್ತ ನಾ ಹೆದರಿದ್ನಿ ಬೇ," ಎಂದೆ.

ಅವಳಿಗೇನು ತಿಳಿಯಬೇಕು? "ಯಾರ ಹೆದರಾಂಗಿಲ್ರಿ ಕಾಕಾ?" ಎಂದಳು. "ಚಹಾ ಕುಡೀರಿ, ಆರತೈತಿ."