ಖೋಲಿಗೆ ನಾಲ್ಕೂವರೆ ಮಂದಿ

ಮೊಮ್ಮಗಳು ಐದನೇ ಇಯತ್ತೆಯ ಗಣಿತದ ಪರೀಕ್ಷೆ ಬರೆದು ಬಂದ ಸಂಜೆ ನೆನೆದರೆ ಈಗಲೂ ನನಗೆ ಎದೆ ಹಾರುತ್ತದೆ. ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆಯ ಮಾತು. ಮುಂಬಯಿಯ ಕಾಂದಿವಲಿಯಲ್ಲಿ, ಚಾಳಿನ ಒಂದು ಕೋಣೆಯ ಖೋಲಿಯಲ್ಲಿದ್ದೆವು. ಸೊಸೆಗೆ ಹೊಸದಾಗಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ನಾನು ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ-ಭಾಂಡಿ ತಿಕ್ಕುತ್ತಿದ್ದೆ, ತೊಟ್ಟಿಲಲ್ಲಿ ಕೂಸು. ಮಗ ಕಡ್ಡಿ ಮುರಿದಂತೆ ಹೇಳಿದ್ದ: "ಗಣಿತದಾಗ ನಾಪಾಸಾದ್ರ ಸಾಲಿ ಸಾಕು. ಮನ್ಯಾಗ ಕುಂತು ತಮ್ಮನ್ನ ಆಡಸ್ಲಿ."

ಹುಡುಗಿ ಬಂದವಳೇ ನನ್ನ ಸೆರಗು ಹಿಡಿದಳು. "ಎರಡು ಲೆಕ್ಕ ಬಿಟ್ಟೀನಿ ಆಯಿ. ಸರಾಸರಿದು ಸರಿ ಇದ್ರಷ್ಟ ಪಾಸು."

ಆರು ಖೋಲಿ, ಒಟ್ಟು ಇಪ್ಪತ್ತೇಳು ಮಂದಿ, ಖೋಲಿಗೆ ಸರಾಸರಿ ಎಷ್ಟು? ಇವಳು ನಾಲ್ಕೂವರೆ ಬರೆದಿದ್ದಳು. ಗೆಳತಿಯರೆಲ್ಲ ಅರ್ಧ ಅಳಿಸಿ ಐದು ಮಾಡಿದ್ದರಂತೆ.

ಮಗ ಚಹಾದ ಬಶಿ ಕೆಳಗಿಟ್ಟು ನಕ್ಕ. "ಅರ್ಧ ಮನಷ್ಯಾ ಎಲ್ಲಿರ್ತಾನವಾ? ತಲಿ ಈ ಖೋಲ್ಯಾಗ, ಕಾಲು ಬಾಜೂಕ?"

"ಲೋಕಲ್‌ನ್ಯಾಗ ನನಗ ಅರ್ಧ ಟಿಕೀಟು ತಗೋತೀಯಲ್ಲಪ್ಪಾ!"

ಬಾಯಿ ಜೋರು, ಕಣ್ಣಲ್ಲಿ ಮಾತ್ರ ನೀರು.

ನಾನು ಕಲಿತದ್ದು ಎರಡನೇ ಇಯತ್ತೆ. ಕೂಡಿಸುವುದು ಗೊತ್ತು, ಈ ಸರಾಸರಿ ಗೊತ್ತಿಲ್ಲ. ಭಾಂಡಿ ತಿಕ್ಕುವಾಗಲೂ ಅದೇ ಚಿಂತೆ. ಮಗ ರಾತ್ರಿ ಪಾಳಿಗೆ ಹೋದ ವಾರ ನಮ್ಮ ಖೋಲಿಯಲ್ಲಿ ಅವನನ್ನು ಅರ್ಧ ಎಂದು ಹಿಡಿಯಬೇಕೋ, ಪೂರ್ತಿಯೋ? ಏನೇನೋ ಲೆಕ್ಕ ಹಚ್ಚಿ ನೋಡಿದೆ, ಸಮಾಧಾನವಾಗಲಿಲ್ಲ. ಹುಡುಗಿ ಅಷ್ಟರಲ್ಲೇ ಸಾಲಿಯ ಪಾಟೀಚೀಲ ಮೊಳೆಗೆ ಹಾಕಿ, ಕೇಳುವ ಮೊದಲೇ ತೊಟ್ಟಿಲು ತೂಗಲು ಶುರು ಮಾಡಿದ್ದಳು.

ಪೇಪರು ಕೊಟ್ಟ ದಿನ ನಾನು ಕೆಲಸ ಮಾಡುತ್ತಿದ್ದ ಮನೆಗೇ ಓಡಿ ಬಂದಳು. "ಪಾಸ್ ಆಯಿ! ಟೀಚರ್ ಅಂದ್ರು, ಸರಾಸರಿ ಅಂದ್ರ ಒಂದು ಅಳತಿ ಅಂತ, ಎಣಿಸಿದ ಮಂದಿ ಅಲ್ಲಂತ. ಅರ್ಧ ಬಂದ್ರ ಅರ್ಧಾನ ಬರೀಬೇಕಂತ!" ಬೂದಿಗೈಯಲ್ಲೇ ಅವಳನ್ನು ಎತ್ತಿಕೊಂಡೆ. ಯಪ್ಪಾ, ಆ ಖುಷಿ ಎಲ್ಲಿ ಇಡಲಿ! ಜಿನೆಯ ಮೆಟ್ಟಿಲು ಇಳಿಯುತ್ತ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಕನ್ನಡ ಬಾರದ ವಾಚ್‌ಮನ್‌ಗೂ.

ಮಗ ಪೇಪರನ್ನು ತಿರುವಿ ತಿರುವಿ ನೋಡಿದ. "ಪಾಸೇನೋ ಆದ್ಳು. ಕೂಸಿನ್ನ ಯಾರು ನೋಡೋರು?"

"ನಾ ನೋಡ್ತೀನಿ. ಮಧ್ಯಾಹ್ನದ ಮನಿಗೋಳ ಕೆಲಸ ಬಿಡ್ತೀನಿ."

ಅವನು ಸೊಸೆಯ ಮುಖ ನೋಡಿದ. ಅವಳು ಮೊಳೆಯಿಂದ ಪಾಟೀಚೀಲ ತೆಗೆದು ಮಗಳ ಕೈಗೆ ಕೊಟ್ಟಳು. ಮರುದಿನ ಕೆಲಸ ಬಿಡುತ್ತೇನೆಂದಾಗ ಮಧ್ಯಾಹ್ನದ ಮನೆಯೊಂದರ ಒಡತಿ ಮರಾಠಿಯಲ್ಲಿ ಒಂದೇ ಸಮನೆ ಬೈದಳು. ನನಗೋ ನಗು ತಡೆಯಲಿಕ್ಕಾಗಲಿಲ್ಲ.