ತಮ್ಮನ ಹೆಸರಿನ ಸಿಮ್ಮು

ಮಗಳನ್ನು ಪಿಯುಸಿಗೆಂದು ರಾಯಚೂರಿನ ಹಾಸ್ಟೆಲ್ಲಿಗೆ ಬಿಟ್ಟ ದಿನವೇ ಆಕೆಗೊಂದು ಸಿಮ್ಮು ಕೊಡಿಸಬೇಕಾಯಿತು. ನಾವಿರುವುದು ದೇವದುರ್ಗದಲ್ಲಿ, ಫೋನಿಲ್ಲದೆ ಮಗಳ ಸುದ್ದಿ ತಿಳಿಯುವುದು ಹೇಗೆ? ಗಂಡನಿಗೆ ಅಂದು ರಜೆ ಸಿಗಲಿಲ್ಲ. ಹಾಸಿಗೆ, ಟ್ರಂಕು ಹೊರಲು ಮಾನ್ವಿಯಿಂದ ನನ್ನ ತಮ್ಮ ಬಂದಿದ್ದ. ಹುಡುಗಿಗೆ ಹದಿನೆಂಟು ತುಂಬಿಲ್ಲ, ದೊಡ್ಡವರ ಹೆಸರಲ್ಲೇ ತೆಗೆದುಕೊಳ್ಳಬೇಕು ಎಂದ ಮೊಬೈಲ್ ಅಂಗಡಿಯವನು. ಹಾಗೆನ್ನುತ್ತ ನೋಡಿದ್ದು ನನ್ನನ್ನಲ್ಲ, ತಮ್ಮನನ್ನು. ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವವಳು, ಆಧಾರ್ ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು. ಆ ಮಹಾನುಭಾವನ ಕಣ್ಣಿಗೆ ಮಾತ್ರ ನಾನು ಟ್ರಂಕಿನ ಪಕ್ಕದ ಇನ್ನೊಂದು ಟ್ರಂಕು.

"ನನ್ನ ಹೆಸರಿಲೆ ಇರ್ಲಿ ಬಿಡಕ್ಕಾ. ನಾ ಏನ್ ಹೊರಗಿನಂವ ಏನು?" ಎಂದು ತಮ್ಮ ಹೆಬ್ಬೆಟ್ಟು ಒತ್ತಿಯೇಬಿಟ್ಟ.

ಹೊರಗಿನವನಲ್ಲ, ಅದೇ ತೊಂದರೆ. ನಮ್ಮ ಕಡೆ ಅಕ್ಕನ ಮಗಳೆಂದರೆ ಸೋದರಮಾವನಿಗೆ ಹುಟ್ಟಿನಿಂದಲೇ ಹಕ್ಕು. ತೊಟ್ಟಿಲ ಕೂಸಿನ ಕೆನ್ನೆ ಹಿಂಡಿ "ಮಾವನ ಹೇಣ್ತಿ" ಎನ್ನುವ ಮುದುಕಿಯರಿಗೇನೂ ಬರವಿಲ್ಲ. ಅದೆಲ್ಲ ಹಳೆ ಕಾಲದ ಚೇಷ್ಟೆ ಎಂದುಕೊಂಡಿದ್ದೆ ನಾನು. ಮೂವತ್ತು ದಾಟಿದ, ಅಕ್ಕಿ ವ್ಯಾಪಾರ ಮಾಡಿಕೊಂಡಿರುವ ಗಂಡಸು ಇನ್ನೂ ಜಡೆಗೆ ರಿಬ್ಬನ್ ಕಟ್ಟುವ ಹುಡುಗಿಯ ಮೇಲೆ ಕಣ್ಣಿಟ್ಟಾನೆಂದು ಯಾರಿಗೆ ಹೊಳೆಯುತ್ತದೆ?

ಹೊಳೆದದ್ದು ಮರುವರ್ಷ, ಮಾನ್ವಿಯಲ್ಲಿ ಬಳಗದವರ ಮನೆಯ ಬಸುರಿಯ ಕುಬುಸದೂಟದಲ್ಲಿ. ತಮ್ಮ ಹೋಳಿಗೆ ಬಡಿಸುತ್ತ ಬಂದವನು ನನ್ನ ಮಗಳ ಎಲೆಯ ಮುಂದೆ ನಿಂತು, ಪಂಕ್ತಿಗೆಲ್ಲ ಕೇಳುವಂತೆ, "ಈಕಿ ನಂಬರ್ ನನ್ನ ಹೆಸರಿಲೆ ಅದ. ಇನ್ನ ಈಕಿನ್ನ ನನ್ನ ಹೆಸರಿಗಿ ಮಾಡ್ಕೊಳ್ಳಾದಷ್ಟ ಬಾಕಿ" ಎಂದ. ಎಲ್ಲರೂ ನಕ್ಕರು. ನಮ್ಮವ್ವನೂ ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು ನಕ್ಕಳು. ಮಗಳು ಊಟ ಬಿಟ್ಟು ಎದ್ದು ಕೈ ತೊಳೆಯಲು ಹೋದಳು. "ನಾಚಿಕಿ ನೋಡ್ರಿ, ನಾಚಿಕಿ!" ಎಂದು ತಮ್ಮ ಹಿಂದಿನಿಂದ ಕೂಗಿದ. ಅದು ನಾಚಿಕೆಯಲ್ಲ, ಹೇಸಿಗೆ. ನಾನೂ ಎಲೆ ಬಿಟ್ಟು ಎದ್ದೆ.

ಅಲ್ಲಿಂದ ಆಕೆ ಮಾವನ ಫೋನ್ ಎತ್ತುವುದನ್ನೇ ಬಿಟ್ಟಳು. ಅವನೂ ಸುಮ್ಮನಾದ, ಪೀಡೆ ತೊಲಗಿತು ಎಂದುಕೊಂಡೆವು. ಪಿಯುಸಿ ಮುಗಿಯಿತು. ಆಕೆಗೆ ನರ್ಸಿಂಗ್ ಓದಬೇಕೆಂಬ ಹಟ. ಒಳ್ಳೆಯ ರ‍್ಯಾಂಕೂ ಬಂದಿತ್ತು. ಸೀಟಿನ ವ್ಯವಹಾರವೆಲ್ಲ ಆನ್‌ಲೈನ್, ಒಟಿಪಿ ಬರುವುದು ಅದೇ ನಂಬರಿಗೆ. ಬೇಕಾದ ಕಾಲೇಜುಗಳನ್ನು ಆರಿಸಲು ನಾಳೆಯೇ ಕಡೆಯ ದಿನ ಎನ್ನುವಾಗ ಮಗಳ ಫೋನಿನಲ್ಲಿ ಟವರ್ ಗುರುತೇ ಮಾಯವಾಯಿತು. ನಮ್ಮೂರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ, "ಡುಪ್ಲಿಕೇಟ್ ಸಿಮ್ ತಗೊಂಡಾರ್ರೀ. ಯಾರ ಹೆಸರಿಲೆ ಅದನೋ ಅವರ ತಗೊಂಡಾರ" ಎಂದರು.

ಸಿಕ್ಕ ಬಸ್ಸು ಹತ್ತಿ ಮಾನ್ವಿಗೆ ಹೋದೆ. ತಮ್ಮ ಅಕ್ಕಿ ಚೀಲಗಳ ನಡುವೆ ಜಗದ್ಗುರುವಿನಂತೆ ಕೂತಿದ್ದ. ನನ್ನ ಮಗಳ ನಂಬರು ಅವನ ಅಂಗಿಯ ಜೇಬಿನಲ್ಲಿತ್ತು. ಚಹಾ ತರಿಸಿದ.

"ಒಟಿಪಿ ಏನ್ ದೊಡ್ಡದಕ್ಕಾ? ನೀ ಮಾತು ಕೊಡು, ನಾ ಒಟಿಪಿ ಕೊಡ್ತೀನಿ. ನರ್ಸ್ ಆಗಿ ಕಂಡಕಂಡೋರ ಮೈ ಮುಟ್ಟೋದು ಆಕಿಗ್ಯಾಕ ಬೇಕು?"

ಈ ಮಾತಾಡಿದವನನ್ನು ನಾನು ಕಂಕುಳಲ್ಲಿ ಹೊತ್ತು ಬೆಳೆಸಿದ್ದೆ. "ಥೂ! ಈ ಬಾಯಿಗೆ ತುತ್ತು ಮಾಡಿ ಹಾಕೀನಲ್ಲೋ ನಾ!" ಎಂದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು, ನೋಡಲಿ. ಚಹಾ ಮುಟ್ಟದೆ ಹೊರಬಂದೆ.

ಬಸ್ ಸ್ಟ್ಯಾಂಡಿನಿಂದ ಗಂಡನಿಗೆ ಫೋನ್ ಮಾಡಿದೆ. "ಸದ್ಯಕ್ಕ ಹೂಂ ಅಂದುಬಿಡು, ಮುಂದ ನೋಡೋಣು. ತಮ್ಮನ ಸಂಗಡ ಏನ್ ಜಗಳಾ ಮಾಡ್ತಿ?" ಎಂದ ಆ ಪುಣ್ಯಾತ್ಮ. ಮಗಳ ಬಾಳನ್ನು ಸದ್ಯಕ್ಕೆ ಕೊಟ್ಟು ಮುಂದೆ ನೋಡುವುದಂತೆ! ಅವನ ಮೇಲೂ ಅಸಹ್ಯ ಹುಟ್ಟಿತು, ಫೋನ್ ಕತ್ತರಿಸಿದೆ.

ಮರುದಿನ ಬೆಳಿಗ್ಗೆಯೇ ತಾಯಿ ಮಗಳು ರಾಯಚೂರಿನ ಕೌನ್ಸೆಲಿಂಗ್ ಸಹಾಯ ಕೇಂದ್ರದ ಮುಂದೆ ನಿಂತೆವು. ಅಲ್ಲಿದ್ದ ಹೆಣ್ಣುಮಗಳು, ತಾಯಿ ಅರ್ಜಿ ಬರೆದುಕೊಟ್ಟರೆ ನಂಬರು ಬದಲಿಸಬಹುದು, ಆದರೆ ಹೊಸ ನಂಬರು ಹುಡುಗಿಯ ಕೈಯಲ್ಲೇ ಇರುವಂಥದ್ದಾಗಿರಬೇಕು, ಚಾಲೂ ಇರಬೇಕು ಎಂದಳು. ಓಡಿದೆವು. ಮತ್ತೆ ಅದೇ ಅಂಗಡಿ, ಅದೇ ಮಹಾನುಭಾವ. ಹುಡುಗಿಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿತ್ತು.

"ಯಜಮಾನ್ರು ಬರ್ಲಿಲ್ಲೇನ್ರೀ?"

"ಯಜಮಾನಿ ಬಂದಾಳ. ಮಷಿನ್ ಇಡ್ರಿ" ಎಂದು ಬೆರಳು ಒತ್ತಿದೆ.

ಸಿಮ್ಮು ಜೀವ ಹಿಡಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೇಂದ್ರದ ಬಾಗಿಲು ಹಾಕುವ ಮೊದಲು ಒಟಿಪಿ ಬಂತು, ಮಗಳು ತನಗೆ ಬೇಕಾದ ಕಾಲೇಜುಗಳನ್ನು ತಾನೇ ಆರಿಸಿದಳು. ಹೊರಗಿನ ಕಟ್ಟೆಯ ಮೇಲೆ ಕೂತು ನಾನು ನೀರು ಕುಡಿದೆ. ಗೆದ್ದೆ ಎನ್ನಿಸಿತ್ತು. ಮಗಳು ಫೋನನ್ನೇ ನೋಡುತ್ತಿದ್ದಳು.

"ಯವ್ವಾ, ಇದು ಈಗ ನಿನ್ನ ಹೆಸರಿಲೆ ಅದಲ್ಲ?"

"ಹೂಂ."

"ನಾಳೆ ನಾ ನಿನ್ನ ಮಾತು ಕೇಳಲಿಲ್ಲಂದ್ರ, ನೀನೂ ಬಂದ್ ಮಾಡಿಸ್ತಿಯೇನು?"

ನಾನು ನಗಲು ನೋಡಿದೆ. ಆಕೆ ನಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು.