ಸಾಕ್ಷಿಗೆ ಏಳದವರು

ಜಹೀರಾಬಾದಿನ ನಮ್ಮ ಸಣ್ಣ ಚರ್ಚಿನಲ್ಲಿ ಭಾನುವಾರದ ಆರಾಧನೆ ನಡೆಸುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ಪ್ರಸಂಗ ಪಾಸ್ಟರರದು, ಅದಕ್ಕೆ ಮೊದಲು ಸಾಕ್ಷಿ ಹೇಳಿಸುವುದು ನನ್ನ ಪಾಲು. ಆ ವಾರ ದೇವರು ತನಗೇನು ಮಾಡಿದ ಎಂದು ಒಬ್ಬೊಬ್ಬರು ಎದ್ದು ನಿಂತು ಹೇಳುವುದೇ ಸಾಕ್ಷಿ. ನಾನು ಅಜ್ಜಿ, ಸೋದರತ್ತೆಯರ ನಡುವೆ ಕೂತು ಮಾತು ಕಲಿತವನು, ನಾಲಗೆ ಸುಮ್ಮನಿರುವುದಿಲ್ಲ. ಎಲ್ಲರದ್ದೂ ಹಾಗೇ ಎಂದು ನಂಬಿದ್ದೆ.

ತೆಲಂಗಾಣದ ಹೋರಾಟ ಜೋರಾದ ವರ್ಷಗಳವು. ಹೆದ್ದಾರಿಯ ಪಕ್ಕ ದೀಕ್ಷೆಯ, ಅಂದರೆ ಸರದಿ ಉಪವಾಸದ, ಶಾಮಿಯಾನ ಎದ್ದಿತು. ನಮ್ಮಲ್ಲಿ ಸಾಕ್ಷಿ ಹೇಳುತ್ತಿದ್ದ ಬಾಯಿಗಳೆಲ್ಲ ಅಲ್ಲಿಗೆ ಹೋದವು. ಅವರದೇನೂ ತಪ್ಪಿಲ್ಲ, ನಾಲ್ಕು ಜನ ಕಂಡರೆ ಹುರುಪೇರುವ ಮಂದಿ. ಹಲ್ಲೆಲೂಯ ಎಂದ ಗಂಟಲಲ್ಲೇ ಜೈ ತೆಲಂಗಾಣ ಎನ್ನುತ್ತಿದ್ದರು. ಚರ್ಚಿನಲ್ಲಿ ಉಳಿದವರೆಂದರೆ ಗೋಡೆಗೊರಗಿ ಕೂರುವವರು, ಹಾಡಿಗೆ ತುಟಿ ಮಾತ್ರ ಆಡಿಸುವವರು, ಪ್ರಾರ್ಥನೆ ಮುಗಿಯುತ್ತಲೇ ಚಪ್ಪಲಿ ಹುಡುಕುವವರು. ಯಾರು ಸಾಕ್ಷಿ ಹೇಳ್ತೀರಿ ಎಂದರೆ ತಲೆ ತಗ್ಗಿಸಿ ಜಮಖಾನೆಯ ದಾರ ಕೀಳುತ್ತಿದ್ದರು. ಆ ಮೌನ ನನಗೆ ತಡೆಯಲಾಗಲಿಲ್ಲ. ಸಾಲು ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸತೊಡಗಿದೆ.

ಒಂದು ಭಾನುವಾರ ಸರದಿ ನನ್ನ ಅಕ್ಕನಿಗೆ ಬಂತು. ಕೊಹೀರಿನಿಂದ ಬಸ್ಸಿಗೆ ಬರುತ್ತಿದ್ದಳು. ಎದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, “ಕರ್ತನಿಗೆ ಸ್ತೋತ್ರ” ಎಂದು ಕೂತುಬಿಟ್ಟಳು.

“ದೇವ್ರು ಆರು ದಿನ ದುಡದು ಜಗತ್ತೇ ಮಾಡ್ಯಾನ, ನೀ ಒಂದೇ ಮಾತಿನಾಗ ಮುಗಸ್ತಿ ಏನಕ್ಕಾ?” ಎಂದೆ. ಎಲ್ಲರೂ ನಕ್ಕರು. ನನಗೂ ಆಗ ಅದು ಒಳ್ಳೆಯ ಮಾತೆನಿಸಿತು.

ಮುಂದಿನ ವಾರ ಅವಳು ಬರಲಿಲ್ಲ. ಮುಷ್ಕರ, ಬಸ್ಸಿಲ್ಲ ಎಂದುಕೊಂಡೆ. ಬಸ್ಸು ಓಡತೊಡಗಿದ ಮೇಲೂ ಬರಲಿಲ್ಲ. ಗೋಡೆಯ ಪಕ್ಕದಲ್ಲಿ ಇನ್ನೂ ಎರಡು ಜಾಗ ಖಾಲಿಯಾದವು.

ಒಂದು ಶನಿವಾರ ಮಧ್ಯಾಹ್ನ ಕೊಹೀರಿಗೆ ಹೋದೆ. ಅಕ್ಕ ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಒಳಗೆ ಟೀವಿ, ಸೊಸೆಯ ಮಿಕ್ಸಿ, ಮೊಮ್ಮಕ್ಕಳ ಜಗಳ.

“ಬಸ್ಸು ಹೊಂಟಾವಲ್ಲಕ್ಕಾ, ಯಾಕ ಬರವಲ್ಲಿ?”

“ಬಸ್ಸಿನ ಮಾತು ಬಿಡೋ. ಶನಿವಾರ ಬಂತಂದ್ರ ಅದೇ ಚಿಂತಿ. ನಾಳಿ ಎದ್ದು ಏನ್ ಹೇಳ್ಲಿ, ಎಲ್ಲಿಂದ ಮಾತು ತರ್ಲಿ ಅಂತ.”

“ಎರಡು ಮಾತು ಹೇಳಾಕ ಅಷ್ಟು ಅಂಜಿಕಿ ಏನು? ಎಲ್ಲಾ ನಮ್ಮ ಮಂದೀನೇ.”

“ನಮ್ಮ ಮಂದಿ ಮುಂದೇ ಅಂಜಿಕಿ. ಈ ಮನ್ಯಾಗ ಕೇಳು, ಎಷ್ಟು ಗದ್ದಲ ಅದ. ವಾರದಾಗ ಒಂದು ತಾಸು, ನನ್ನ ಯಾರೂ ಮಾತಾಡಸದ ಜಾಗ ಅದೊಂದೇ ಇತ್ತು. ಅಲ್ಲೂ ನೀ ಬಿಡಲಿಲ್ಲ.”

ಅವಳು ಹುಳುಕು ಬೇಳೆ ಆಚೆ ಹಾಕುತ್ತಲೇ ಇದ್ದಳು.

“ಇನ್ನ ಯಾರ್ನೂ ಎಬ್ಬಸಂಗಿಲ್ಲಕ್ಕಾ. ಬಾ.”

“ಆತು, ಹೋಗಿ ಬಾ” ಎಂದಳು. ಬರುತ್ತೇನೆ ಎನ್ನಲಿಲ್ಲ.

ಆ ಭಾನುವಾರ ಸಾಕ್ಷಿಯ ಹೊತ್ತಿನಲ್ಲಿ ಯಾರನ್ನೂ ಕರೆಯದೆ ಕೂತೆ. ಹತ್ತು ನಿಮಿಷ ಸುಮ್ಮನಿರುವುದು ಹೊಲದ ಕಳೆ ತೆಗೆದಷ್ಟು ದಣಿವೆಂದು ನನಗೆ ಗೊತ್ತಿರಲಿಲ್ಲ. ನಡುವೆ ಶಾಮಿಯಾನದ ಗೆಳೆಯನೊಬ್ಬ ಇಣುಕಿ, “ಏನ್ರೀ ಹಿರೇರ, ಇದು ಸಭಾನೋ ಸ್ಮಶಾನೋ?” ಎಂದು ನಕ್ಕು ಹೋದ. ಪಾಸ್ಟರರೂ ನನ್ನತ್ತ ನೋಡಿದರು. ಹೀಂಗೇ ಇರ್ಲಿ ಬಿಡ್ರಿ ಎಂದೆ. ವಾರ ವಾರವೂ ಅದೇ ಮಾತು ಹೇಳಬೇಕಾಯಿತು. ಹೇಳಿ ಹೇಳಿ ಸಾಕಾಯಿತು.

ಐದನೇ ಭಾನುವಾರ ಅಕ್ಕ ಬಂದಳು. ತಾನು ಮೊದಲು ಕೂರುತ್ತಿದ್ದ ಎರಡನೇ ಸಾಲಿಗಲ್ಲ, ಬಾಗಿಲ ಹತ್ತಿರಕ್ಕೆ. ಅವಳನ್ನು ಕಂಡೊಡನೆ ಊಟಕ್ಕೆ ಮನೆಗೆ ಬಾ ಎಂದು ಕೂಗಿ ಕರೆಯಬೇಕೆನಿಸಿತು. ಕಾಣದವನಂತೆ ಕಣ್ಣು ಮುಚ್ಚಿ ಕೂತೆ. ಕೊನೆಯ ಪ್ರಾರ್ಥನೆ ಮುಗಿದು ಕಣ್ಣು ತೆರೆದಾಗ ಅವಳು ಆಗಲೇ ಬಸ್ಸಿಗೆ ಹೊರಟುಹೋಗಿದ್ದಳು.